ಹೊಟ್ಟೆಯೊಳಗಿನ ಮೈನರ್ ಆಸ್ತಿ

"ಯಾವುದಕ್ಕೂ ಇರಲಿ" ಅನ್ನೋದು ನಮಗೆಲ್ಲ ರೂಢಿಯಾಗಿಬಿಟ್ಟಿರುವ ಮಾತು. ಮೋಡ ಕಾಣದಿದ್ದರೂ ಬ್ಯಾಗಿನಲ್ಲಿ ಒಂದು ಕೊಡೆ, ಯಾವುದಕ್ಕೂ ಇರಲಿ. ಊಟಕ್ಕೆ ನಾಲ್ಕು ಜನ ಬರ್ತಾರೆ ಅಂದರೆ ಆರು ಜನಕ್ಕಾಗುವಷ್ಟು ಅಕ್ಕಿ, ಯಾವುದಕ್ಕೂ ಇರಲಿ. ಕಂಪನಿಯ ಇನ್ಶೂರೆನ್ಸ್ ಇದ್ದರೂ ಸ್ವಂತಕ್ಕೆ ಇನ್ನೊಂದು ಪಾಲಿಸಿ, ಅದೂ ಇರಲಿ. ಕಷ್ಟ ನೋಡಿದ ಹಿರಿಯರಿಂದ ನಮಗೆ ಬಂದ ವಿವೇಕ ಇದು, ಇದರಲ್ಲಿ ತಪ್ಪೇನಿಲ್ಲ. ಕೊಡೆ ಬಿಚ್ಚದೇ ಮನೆಗೆ ವಾಪಸ್ ಬಂದರೆ ನಷ್ಟವಿಲ್ಲ. ಅನ್ನ ಮಿಕ್ಕರೆ ಬೆಳಿಗ್ಗೆ ಚಿತ್ರಾನ್ನ.

ಇದೇ ಮಾತು ಮಕ್ಕಳ ಡಾಕ್ಟರ ಕ್ಲಿನಿಕ್ಕಿನಲ್ಲೂ ಕೇಳಿಸುತ್ತೆ. ಎಂಟು ತಿಂಗಳ ಮಗು, ಎರಡು ದಿನದಿಂದ ನೆಗಡಿ, ರಾತ್ರಿ ನೂರೊಂದು ಜ್ವರ. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು, ಕಿವಿ ಗಂಟಲು ನೋಡಿ, "ವೈರಲ್ ಇರಬೇಕು, ಎರಡು ದಿನ ನೋಡೋಣ" ಅಂತಾರೆ. ಅಪ್ಪ ಅಮ್ಮ ಒಬ್ಬರ ಮುಖ ಒಬ್ಬರು ನೋಡ್ಕೋತಾರೆ. "ಯಾವುದಕ್ಕೂ ಇರಲಿ, ಒಂದು ಆಂಟಿಬಯಾಟಿಕ್ ಬರೆದುಬಿಡಿ ಡಾಕ್ಟ್ರೇ." ಎಷ್ಟೋ ಕಡೆ ಅಪ್ಪ ಅಮ್ಮ ಕೇಳುವ ತಾಪತ್ರಯವೇ ಇಲ್ಲ, ಡಾಕ್ಟರೇ 'ಇರಲಿ' ಅಂದಿರ್ತಾರೆ. ನೀರು ಬೆರೆಸಿ ಕುಲುಕುವ ಪುಡಿ ಸಿರಪ್ಪು, ದಿನಕ್ಕೆ ಎರಡು ಸಲ, ಐದು ದಿನ.

ಕೊಡೆಗೂ ಈ ಸಿರಪ್ಪಿಗೂ ಒಂದು ವ್ಯತ್ಯಾಸ ಇದೆ. ಬಳಸದ ಕೊಡೆ ಮಡಿಚಿಕೊಂಡು ಸುಮ್ಮನಿರುತ್ತೆ. ಬೇಕಿಲ್ಲದ ಆಂಟಿಬಯಾಟಿಕ್ ಹೊಟ್ಟೆಗಿಳಿದ ಮೇಲೆ ಸುಮ್ಮನೆ ಕೂರಲ್ಲ, ತನ್ನ ಕೆಲಸ ಮಾಡಿಯೇ ಮಾಡುತ್ತೆ. ಕೊಲ್ಲಬೇಕಾದ ಬ್ಯಾಕ್ಟೀರಿಯಾ ಅಲ್ಲಿಲ್ಲದಿದ್ದರೆ, ಇರುವವನ್ನು ಕೊಲ್ಲುತ್ತೆ. ಅದರ ಖರ್ಚು ಬೀಳುವುದು 'ಇರಲಿ' ಅಂದವರ ಮೇಲಲ್ಲ, ಇನ್ನೂ ಮಾತೇ ಬಾರದ ಮಗುವಿನ ಮೇಲೆ. ಇನ್ನೊಬ್ಬರ ಖರ್ಚಿನಲ್ಲಿ ನಾವು ಎಷ್ಟರಮಟ್ಟಿಗೆ ಎಚ್ಚರಿಕೆ ತೋರಿಸಬಹುದು? ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು.

ಮೊದಲು ಆ ಖರ್ಚೇನು ಅಂತ ನೋಡೋಣ.

ಹಾಲು ಮೊಸರಾಗಬೇಕಾದರೆ ಹೆಪ್ಪು ಹಾಕಬೇಕು. ಹೆಪ್ಪು ಚೆನ್ನಾಗಿದ್ದರೆ ಗಟ್ಟಿ ಮೊಸರು, ಹೆಪ್ಪೇ ಕೆಟ್ಟಿದ್ದರೆ ಲೋಳೆ. ಹುಟ್ಟುವ ಮಗುವಿನ ಕರುಳಿನ ಕಥೆಯೂ ಹೆಚ್ಚುಕಮ್ಮಿ ಹೀಗೆಯೇ. ಸಹಜ ಹೆರಿಗೆಯಲ್ಲಿ ಹೊರಬರುವಾಗ ತಾಯಿಯ ದೇಹದ ಬ್ಯಾಕ್ಟೀರಿಯಾ ಮಗುವಿಗೆ ಅಂಟಿಕೊಳ್ಳುತ್ತವೆ. ಅದು ಮೊದಲ ಹೆಪ್ಪು. ಸಿಸೇರಿಯನ್ ಆದರೆ ಇದರಲ್ಲಿ ಒಂದಷ್ಟು ತಪ್ಪಿಹೋಗುತ್ತೆ. ಬ್ರಿಟನ್ನಿನಲ್ಲಿ 596 ಶಿಶುಗಳನ್ನು ಅಭ್ಯಸಿಸಿ 2019ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಇದು ಸ್ಪಷ್ಟವಾಗಿ ಕಂಡಿತ್ತು: ಸಿಸೇರಿಯನ್ ಆದ ಮಕ್ಕಳ ಕರುಳಿನಲ್ಲಿ ತಾಯಿಯಿಂದ ಬರಬೇಕಾದ ಬ್ಯಾಕ್ಟೀರಾಯ್ಡೀಸ್ ಗುಂಪು ತೀರಾ ಕಡಿಮೆ, ಆಸ್ಪತ್ರೆಯ ವಾತಾವರಣದಲ್ಲಿ ಸಿಗುವ ಬ್ಯಾಕ್ಟೀರಿಯಾ ಜಾಸ್ತಿ.

ಎರಡನೆಯ ಹಂತ ಎದೆಹಾಲು. ಅದರಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬನ್ನು ಬಿಟ್ಟರೆ ಅತಿ ಹೆಚ್ಚಿರುವ ಘನಪದಾರ್ಥ ಆಲಿಗೋಸ್ಯಾಕರೈಡ್ ಎಂಬ ಸಕ್ಕರೆಯ ಸರಪಳಿಗಳು. ವಿಚಿತ್ರ ಅಂದರೆ, ಮಗುವಿಗೆ ಅದನ್ನು ಅರಗಿಸಿಕೊಳ್ಳಲು ಆಗುವುದಿಲ್ಲ. ಅದು ಇಡಿಯಾಗಿ ದೊಡ್ಡ ಕರುಳಿಗೆ ಹೋಗುತ್ತೆ, ಅಲ್ಲಿ ಬೈಫಿಡೊಬ್ಯಾಕ್ಟೀರಿಯಾ ಅದನ್ನು ತಿಂದು ಬೆಳೆಯುತ್ತವೆ. ಅಂದರೆ ತಾಯಿ ಪ್ರತಿ ಸಲ ಹಾಲೂಡಿಸುವಾಗಲೂ ಎರಡು ಎಲೆ ಹಾಕಿ ಬಡಿಸುತ್ತಾಳೆ. ಒಂದು ಮಗುವಿಗೆ, ಇನ್ನೊಂದು ಮಗುವಿನೊಳಗೆ ಬಿಡಾರ ಹೂಡಿದವರಿಗೆ.

ಈ ಬಿಡಾರದವರು ಬಾಡಿಗೆ ಕೊಡದೇ ಇರುವವರಲ್ಲ. ನಮ್ಮ ರೋಗನಿರೋಧಕ ಕೋಶಗಳಲ್ಲಿ ದೊಡ್ಡ ಪಾಲು ಇರುವುದು ಕರುಳಿನ ಸುತ್ತಮುತ್ತ. ಹುಟ್ಟಿದಾಗ ಅವಕ್ಕೆ ಯಾರ ಮೇಲೆ ಬೀಳಬೇಕು, ಯಾರನ್ನು ಅವರ ಪಾಡಿಗೆ ಬಿಡಬೇಕು ಅನ್ನೋದು ಅಷ್ಟಾಗಿ ಗೊತ್ತಿರಲ್ಲ. ಅಪಾರ್ಟ್‌ಮೆಂಟಿಗೆ ಹೊಸದಾಗಿ ಬಂದ ಸೆಕ್ಯೂರಿಟಿ ಹಾಲಿನವನನ್ನೂ ಪೇಪರಿನವನನ್ನೂ ಗೇಟಿನಲ್ಲೇ ತಡೆದು ನಿಲ್ಲಿಸೋದಿಲ್ವಾ, ಹಾಗೆ. ದಿನಾ ಓಡಾಡುವ ಮುಖಗಳನ್ನು ನೋಡ್ತಾ ನೋಡ್ತಾ ಅವನು ಕಲಿತಾನೆ. ಕರುಳಿನ ಬ್ಯಾಕ್ಟೀರಿಯಾ ಕೊಡುವ ಪಾಠ ಅದೇ: ಧೂಳು, ಕಡಲೆಕಾಯಿ, ಹಾಲು ಇವೆಲ್ಲ ಶತ್ರುಗಳಲ್ಲ. ಈ ಪಾಠ ಅರ್ಧಕ್ಕೆ ನಿಂತರೆ ಆಮೇಲೆ ಅಸ್ತಮಾ, ಅಲರ್ಜಿಗಳ ಸಾಧ್ಯತೆ ಹೆಚ್ಚುತ್ತದೆ ಅನ್ನೋದು ಸಂಶೋಧಕರ ವಾದ. ಸುಮಾರು ಮೂರು ವರ್ಷಕ್ಕೆ ಮಗುವಿನ ಕರುಳಿನ ಬ್ಯಾಕ್ಟೀರಿಯಾ ಸಮುದಾಯ ದೊಡ್ಡವರದನ್ನು ಹೋಲತೊಡಗುತ್ತೆ. ಪಾಠದ ಮುಖ್ಯ ಭಾಗ ಅಷ್ಟರೊಳಗೇ ಮುಗಿದಿರುತ್ತೆ. ರೈತರು ಇದಕ್ಕೆ ಹದ ಅಂತಾರೆ. ಮಳೆ ಬಿದ್ದು ಹದ ಬಂದಾಗ ಬಿತ್ತಬೇಕು. ಹದ ಹೋದ ಮೇಲೆ ಎಷ್ಟೇ ಒಳ್ಳೆಯ ಬೀಜ ತಂದರೂ ಆ ಬೆಳೆ ಬರಲ್ಲ.

ಹದದ ಮಾತು ಬರೀ ಹೋಲಿಕೆಯಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2012ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗ ಪ್ರಕಟಿಸಿದರು. ಹುಟ್ಟಿದಾಗಿನಿಂದ ವ್ಯಾಂಕೋಮೈಸಿನ್ ಎಂಬ ಆಂಟಿಬಯಾಟಿಕ್ ಕೊಟ್ಟ ಇಲಿಮರಿಗಳಿಗೆ ಅಲರ್ಜಿಯ ಅಸ್ತಮಾ ಜೋರಾಗಿ ಬಂತು. ಅದೇ ಔಷಧವನ್ನು ಬೆಳೆದ ಇಲಿಗಳಿಗೆ ಕೊಟ್ಟಾಗ ಹಾಗಾಗಲಿಲ್ಲ. ಔಷಧ ಒಂದೇ, ಹದ ಬೇರೆ.

ಇಲಿಯ ಕಥೆ ಇಲಿಗೆ, ಮನುಷ್ಯರ ಕಥೆ ಹೇಳಿ ಅಂತೀರಾ? ಅದೇ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 2000ದಿಂದ 2014ರವರೆಗಿನ ಲೆಕ್ಕ ತೆಗೆದರು. ಒಂದು ವರ್ಷದೊಳಗಿನ ಪ್ರತಿ ಸಾವಿರ ಮಕ್ಕಳಿಗೆ ಬರೆದುಕೊಡುತ್ತಿದ್ದ ಆಂಟಿಬಯಾಟಿಕ್ ಚೀಟಿಗಳು ವರ್ಷಕ್ಕೆ ಸುಮಾರು 1254 ಇದ್ದದ್ದು 489ಕ್ಕೆ ಇಳಿದಿತ್ತು. ಅದೇ ಅವಧಿಯಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಹೊಸದಾಗಿ ಅಸ್ತಮಾ ಕಾಣಿಸಿಕೊಳ್ಳುವುದು ಸಾವಿರಕ್ಕೆ 27.3ರಿಂದ 20.2ಕ್ಕೆ ಇಳಿದಿತ್ತು. ಆಸ್ಟ್ರೇಲಿಯಾದಿಂದ 2025ರಲ್ಲಿ ಬಂದ ಇನ್ನೊಂದು ಅಧ್ಯಯನ ಸಹಜವಾಗಿ ಹುಟ್ಟಿದ 191 ಮಕ್ಕಳದ್ದು. ಹುಟ್ಟಿದ ಮೊದಲ ದಿನಗಳಲ್ಲಿ ನೇರವಾಗಿ ಆಂಟಿಬಯಾಟಿಕ್ ಪಡೆದ ಶಿಶುಗಳಲ್ಲಿ ಬೈಫಿಡೊಬ್ಯಾಕ್ಟೀರಿಯಾ ಕಡಿಮೆಯಾಗಿದ್ದವು. ಏಳು ತಿಂಗಳಾದಾಗ ನ್ಯುಮೋಕಾಕಲ್ ಲಸಿಕೆಗೆ ಅವರ ದೇಹ ತಯಾರಿಸಿದ ಪ್ರತಿಕಾಯಗಳೂ ಕಡಿಮೆ ಇದ್ದವು. ಲಸಿಕೆ ಹಾಕಿಸಿದ್ದಾರೆ, ಕಾರ್ಡಿನಲ್ಲಿ ಸೀಲು ಬಿದ್ದಿದೆ. ಪಾಠ ಕಲಿಯಬೇಕಾದ ಕೋಶಗಳು ಮಾತ್ರ ಕಲಿಯಬೇಕಾದಷ್ಟು ಕಲಿತಿಲ್ಲ.

ಇಷ್ಟು ಓದಿ ಎದೆ ಧಸಕ್ ಅಂದಿದ್ದರೆ ಒಂದು ನಿಮಿಷ ತಡೆಯಿರಿ. ಇನ್ನೊಂದು ಕಡೆಯ ಸಾಕ್ಷಿಯನ್ನೂ ಕರೆಯಬೇಕು. ಸ್ವೀಡನ್ನಿನಲ್ಲಿ ಐದು ಲಕ್ಷದ ಹತ್ತಿರ ಮಕ್ಕಳ ದಾಖಲೆ ನೋಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಮೇಲ್ನೋಟಕ್ಕೆ ಅಲ್ಲೂ ಆಂಟಿಬಯಾಟಿಕ್ ಪಡೆದ ಮಕ್ಕಳಲ್ಲಿ ಅಸ್ತಮಾ ಜಾಸ್ತಿ ಕಂಡಿತು. ಆದರೆ ಅಣ್ಣತಮ್ಮ, ಅಕ್ಕತಂಗಿಯರನ್ನೇ ಒಬ್ಬರಿಗೊಬ್ಬರು ಹೋಲಿಸಿ ನೋಡಿದಾಗ ಆ ನಂಟು ಬಹಳ ಸಡಿಲವಾಯಿತು. ಒಂದೇ ಮನೆ, ಒಂದೇ ಅಪ್ಪ ಅಮ್ಮ, ಒಂದೇ ಗಾಳಿ ಎಂದಾಗ ಔಷಧದ ಪಾಲು ಚಿಕ್ಕದಾಗಿ ಕಂಡಿತು. ಇನ್ನೊಂದು ತೊಡಕೂ ಇದೆ. ಪದೇ ಪದೇ ಉಬ್ಬಸ, ಕೆಮ್ಮು ಬರುವ ಮಗುವಿಗೇ ಆಂಟಿಬಯಾಟಿಕ್ ಹೆಚ್ಚು ಬೀಳುತ್ತೆ. ಆ ಕೆಮ್ಮು ಮುಂದೆ ಬರಲಿರುವ ಅಸ್ತಮಾದ ಮುನ್ಸೂಚನೆಯೇ ಆಗಿದ್ದರೆ, ಔಷಧದಿಂದ ಕಾಯಿಲೆಯೋ, ಕಾಯಿಲೆಯಿಂದ ಔಷಧವೋ? ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಕಥೆ.

ಹಾಗಾಗಿ ಒಂದು ಕೋರ್ಸ್ ಸಿರಪ್ಪಿಗೆ ಮಗುವಿನ ಬಾಳು ಹಾಳಾಯ್ತು ಅಂತ ಯಾರಾದರೂ ವಾಟ್ಸಾಪಿನಲ್ಲಿ ಹೆದರಿಸಿದರೆ ನಂಬಬೇಡಿ. ಬಹಳಷ್ಟು ಮಕ್ಕಳ ಕರುಳು ವಾರಗಳಲ್ಲಿ, ತಿಂಗಳುಗಳಲ್ಲಿ ಬಹುಪಾಲು ಚೇತರಿಸಿಕೊಳ್ಳುತ್ತೆ. ನಾವು ಮಾಡಿದ್ದನ್ನು ಅದು ಅಕ್ಷರಶಃ ಹೊಟ್ಟೆಗೆ ಹಾಕಿಕೊಳ್ಳುತ್ತೆ. ವಿಜ್ಞಾನ ಇವತ್ತಿಗೆ ಹೇಳುತ್ತಿರುವುದು ಇಷ್ಟು: ಖರ್ಚು ಇದೆ, ಅದು ಸಣ್ಣದಿರಬಹುದು ಅಥವಾ ದೊಡ್ಡದಿರಬಹುದು, ಬೇಗ ಕೊಟ್ಟಷ್ಟೂ ಪದೇ ಪದೇ ಕೊಟ್ಟಷ್ಟೂ ಅದು ಬೆಳೆಯುವಂತೆ ಕಾಣುತ್ತೆ.

ನೀತಿಯ ಪ್ರಶ್ನೆ ಶುರುವಾಗುವುದು ಇಲ್ಲಿಂದಲೇ. ಖರ್ಚು ಎಷ್ಟೆಂದು ಖಚಿತವಾಗಿ ಗೊತ್ತಿದ್ದರೆ ಕೂಡಿ ಕಳೆದರೆ ಆಯಿತು, ಅದಕ್ಕೆ ತತ್ತ್ವಜ್ಞಾನ ಬೇಕಿಲ್ಲ, ಎಕ್ಸೆಲ್ ಸಾಕು. ಖರ್ಚು ಅಸ್ಪಷ್ಟ, ಲಾಭ ಅಸ್ಪಷ್ಟ, ನಿರ್ಧಾರ ಮಾಡುವವರು ಒಬ್ಬರು, ಅನುಭವಿಸುವವರು ಇನ್ನೊಬ್ಬರು. ಆಗ ಏನು ಮಾಡಬೇಕು?

ಒಂದು ಸುಲಭದ ಉತ್ತರ ಸಿಕ್ಕಿಬಿಡುತ್ತೆ: ಆಂಟಿಬಯಾಟಿಕ್ಕೇ ಬೇಡ, ಎಲ್ಲ ಪ್ರಕೃತಿಗೆ ಬಿಡೋಣ, ನಮ್ಮಜ್ಜಿ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ನಮ್ಮಜ್ಜಿಯರ ಕಾಲದಲ್ಲಿ ಏನಿತ್ತು ಅನ್ನೋದನ್ನು ಅಜ್ಜಿಯರನ್ನೇ ಕೇಳಬೇಕು. ಎಂಟು ಹೆತ್ತು ನಾಲ್ಕು ಉಳಿಸಿಕೊಂಡವರ ಕಥೆ ಯಾವ ಮನೆಯಲ್ಲಿಲ್ಲ? ನವಜಾತ ಶಿಶುವಿನ ರಕ್ತಕ್ಕೆ ಸೋಂಕು ಸೇರಿದರೆ ಗಂಟೆಗಳ ಲೆಕ್ಕದಲ್ಲಿ ಜೀವ ಹೋಗುತ್ತೆ. ಅಲ್ಲಿ ಎರಡು ದಿನ ಕಾದು ನೋಡೋಣ ಅನ್ನೋದು ವಿವೇಕವಲ್ಲ. ಬ್ಯಾಕ್ಟೀರಿಯಾದ ನ್ಯುಮೋನಿಯಾ, ಮೆದುಳುಪೊರೆಯ ಸೋಂಕು, ಇವೆಲ್ಲ ಪೆನಿಸಿಲಿನ್ ಬರುವ ಮೊದಲು ಮಕ್ಕಳನ್ನು ಸಾಲುಸಾಲಾಗಿ ಒಯ್ಯುತ್ತಿದ್ದವು.

ಇನ್ನೂ ಇಕ್ಕಟ್ಟಿನ ಉದಾಹರಣೆ ಆಫ್ರಿಕಾದ್ದು. ನೈಜರ್, ಮಲಾವಿ, ಟಾಂಜಾನಿಯಾ ದೇಶಗಳಲ್ಲಿ ಒಂದು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ವರ್ಷಕ್ಕೆ ಎರಡು ಸಲ ಅಜಿತ್ರೋಮೈಸಿನ್ ಕೊಟ್ಟು ನೋಡಿದರು. ಕಾಯಿಲೆ ಬಿದ್ದವರಿಗಷ್ಟೇ ಅಲ್ಲ, ಊರಿನ ಎಲ್ಲ ಮಕ್ಕಳಿಗೂ. ಫಲಿತಾಂಶ 2018ರಲ್ಲಿ ಬಂತು: ಔಷಧ ಕೊಟ್ಟ ಊರುಗಳಲ್ಲಿ ಮಕ್ಕಳ ಸಾವು ಒಟ್ಟಾರೆ 13.5 ಶೇಕಡಾ ಕಡಿಮೆ, ನೈಜರ್‌ನಲ್ಲಿ 18 ಶೇಕಡಾ ಕಡಿಮೆ. ಹೆಚ್ಚು ಲಾಭ ಆದದ್ದು ಆರು ತಿಂಗಳೊಳಗಿನ ಶಿಶುಗಳಿಗೆ, ಅಂದರೆ ಕರುಳಿನ ಪಾಠ ನಡೆಯುತ್ತಿರುವ ಅದೇ ಹದದಲ್ಲಿ. ಶಿಶುಮರಣ ವಿಪರೀತ ಇರುವ ಕಡೆ ಒಂದರಿಂದ ಹನ್ನೊಂದು ತಿಂಗಳ ಮಕ್ಕಳಿಗೆ ಹೀಗೆ ಕೊಡುವುದನ್ನು ಪರಿಗಣಿಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚಬಹುದೆಂಬ ಭಯ ಇಟ್ಟುಕೊಂಡೇ ಹೇಳಿತು.

ನೈಜರ್‌ನ ತಾಯಿ ಒಪ್ಪಿದ್ದು ಸರಿ, ಬೆಂಗಳೂರಿನ ನೆಗಡಿಗೆ ಬರೆಸಿಕೊಂಡದ್ದು ತಪ್ಪು ಅನ್ನಬೇಕಾದರೆ ಎರಡಕ್ಕೂ ಹೊಂದುವ ಒಂದೇ ಅಳತೆಗೋಲು ಬೇಕು. ನನಗೆ ಅದು ಸಿಕ್ಕಿದ್ದು ವೈದ್ಯಕೀಯದಲ್ಲಲ್ಲ, ಆಸ್ತಿ ಕಾನೂನಿನಲ್ಲಿ.

ಸೈಟು ಕೊಳ್ಳಲು ಓಡಾಡಿದವರಿಗೆ ಈ ಅನುಭವ ಇರುತ್ತೆ. ಕಾಗದಪತ್ರ ಕೊಟ್ಟರೆ ಲಾಯರು ವಂಶವೃಕ್ಷ ತರಿಸಿ ನೋಡಿ, "ಇದರಲ್ಲಿ ಮೈನರ್ ಪಾಲು ಏನಾದ್ರೂ ಇದ್ಯಾ?" ಅಂತ ಕೇಳ್ತಾರೆ. ಇದ್ದರೆ ಮುಖ ಗಂಟಿಕ್ಕುತ್ತಾರೆ. 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪಾಲಕತ್ವ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಮಗುವಿನ ಹೆಸರಿನಲ್ಲಿರುವ ಸ್ಥಿರಾಸ್ತಿಯನ್ನು ಅಪ್ಪ ಅಮ್ಮ ಕೋರ್ಟಿನ ಅನುಮತಿ ಇಲ್ಲದೆ ಮಾರುವಂತಿಲ್ಲ, ಅಡವಿಡುವಂತಿಲ್ಲ. ಕೋರ್ಟು ಕೂಡ ಎರಡೇ ಸಂದರ್ಭದಲ್ಲಿ ಒಪ್ಪಬಹುದು: ಅಗತ್ಯ ಇರಬೇಕು, ಇಲ್ಲವೇ ಅದರಿಂದ ಆ ಮೈನರ್‌ಗೆ ಕಣ್ಣಿಗೆ ಕಾಣುವಂಥ ಲಾಭ ಇರಬೇಕು. ಅಪ್ಪನ ಸಾಲ ತೀರಿಸಲಿಕ್ಕೆ, ಅಮ್ಮನ ಬಿಸಿನೆಸ್‌ಗೆ ಅಂದರೆ ನಡೆಯಲ್ಲ. ಅನುಮತಿ ಇಲ್ಲದೆ ಮಾರಿದರೆ, ಮಗು ಹದಿನೆಂಟಾದ ಮೇಲೆ ಮೂರು ವರ್ಷದೊಳಗೆ ಕೋರ್ಟಿಗೆ ಹೋಗಿ ಆ ವ್ಯವಹಾರವನ್ನು ರದ್ದು ಮಾಡಿಸಬಹುದು.

ಈ ಕಾನೂನು ಅಪ್ಪ ಅಮ್ಮನ ಪ್ರೀತಿಯನ್ನು ಅನುಮಾನಿಸುತ್ತಿಲ್ಲ. ಪ್ರೀತಿ ಇದ್ದರೂ ಅವಸರದಲ್ಲಿ, ಭಯದಲ್ಲಿ, ತಮ್ಮ ತೊಂದರೆಯ ನಡುವೆ ಅವರು ತಮ್ಮ ಲಾಭವನ್ನೇ ಮಗುವಿನ ಲಾಭ ಅಂದುಕೊಂಡುಬಿಡಬಹುದು ಅನ್ನೋದು ಅದಕ್ಕೆ ಗೊತ್ತಿದೆ. ಅದಕ್ಕೇ ಅದು ನಮ್ಮನ್ನು ಮಾಲೀಕರು ಅನ್ನದೆ ಪಾಲಕರು ಅಂತ ಕರೆಯುತ್ತೆ.

ಎರಡು ಗುಂಟೆ ಜಾಗಕ್ಕೆ ಇಷ್ಟೆಲ್ಲ ಕಾವಲು ಇಟ್ಟ ನಾವು ಮಗುವಿನ ಕರುಳಿನ ವಿಷಯದಲ್ಲಿ ಯಾವ ಕಾವಲೂ ಇಟ್ಟಿಲ್ಲ. ಅದೂ ಪಿತ್ರಾರ್ಜಿತವೇ, ಸರಿಯಾಗಿ ಹೇಳಬೇಕೆಂದರೆ ಮಾತೃಾರ್ಜಿತ. ತಾಯಿಗೆ ಅವಳ ತಾಯಿಯಿಂದ, ಅವಳಿಗೆ ಅವಳ ತಾಯಿಯಿಂದ ಬಂದದ್ದು. ಕಾಗದಪತ್ರ ಇಲ್ಲ ಅನ್ನೋದೊಂದೇ ವ್ಯತ್ಯಾಸ. ಇನ್ನೂ ಒಂದಿದೆ: ಮಾರಿದ ಸೈಟನ್ನು ಮಗ ಹದಿನೆಂಟಾದ ಮೇಲೆ ವಾಪಸ್ ಪಡೆಯಬಹುದು, ಹದ ತಪ್ಪಿದ ಪಾಠವನ್ನು ಯಾವ ಕೋರ್ಟೂ ವಾಪಸ್ ಕೊಡಿಸಲಾರದು.

ಆ ಎರಡು ಮಾತುಗಳನ್ನು ಕ್ಲಿನಿಕ್ಕಿಗೆ ತಂದು ನೋಡಿ. ಅಗತ್ಯ ಇದೆಯಾ? ಮಗುವಿಗೆ ಕಣ್ಣಿಗೆ ಕಾಣುವ ಲಾಭ ಇದೆಯಾ? ನೈಜರ್‌ನಲ್ಲಿ ಉತ್ತರ ಹೌದು. ಅಲ್ಲಿ ಲಾಭ ಅಂದರೆ ಬದುಕಿ ಉಳಿಯುವುದು. ನವಜಾತ ಶಿಶುವಿನ ರಕ್ತದ ಸೋಂಕಿಗೆ ಹೌದು, ಲ್ಯಾಬಿನ ರಿಪೋರ್ಟ್ ಬರುವುದಕ್ಕೆ ಮೊದಲೇ ಹೌದು. ಸಿಸೇರಿಯನ್‌ಗೆ ಮೊದಲು ತಾಯಿಗೆ ಕೊಡುವ ಡೋಸ್‌ಗೂ ಹೌದು, ಗಾಯ ಕೀವಾದರೆ ತಾಯಿಯ ಜೀವಕ್ಕೇ ಅಪಾಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹೆರಿಗೆಗಳಲ್ಲಿ 21.5 ಶೇಕಡಾ ಸಿಸೇರಿಯನ್. ಅಷ್ಟೂ ತಾಯಂದಿರಿಗೆ ತಪ್ಪಿತಸ್ಥ ಭಾವ ಹಂಚುವ ಕೆಲಸಕ್ಕೆ ಈ ವಿಜ್ಞಾನವನ್ನು ಬಳಸಿಕೊಳ್ಳುವುದು ಕ್ರೌರ್ಯ.

ಸಾಧಾರಣ ನೆಗಡಿಗೆ ಮಾತ್ರ ಉತ್ತರ ಅಲ್ಲ. ವೈರಸ್‌ಗೆ ಆಂಟಿಬಯಾಟಿಕ್ ನಾಟುವುದಿಲ್ಲ, ಆದ್ದರಿಂದ ಲಾಭದ ಕಾಲಮ್ಮು ಖಾಲಿ. ಇಲಿ ಬಂತು ಅಂತ ಮನೆಗೆ ಬೆಂಕಿ ಹಚ್ಚಿದರಂತೆ ಅಂತಾರಲ್ಲ, ಇಲ್ಲಿ ಇಲಿಯೂ ಬಂದಿಲ್ಲ.

ಹಾಗಾದರೆ ಯಾಕೆ ಕೇಳ್ತೀವಿ? ಬಿಡಿಸಿ ನೋಡಿದರೆ 'ಯಾವುದಕ್ಕೂ ಇರಲಿ' ಒಳಗೆ ಮೂರು ನಾಲ್ಕು ಬೇರೆ ಬೇರೆ ವಾಕ್ಯಗಳು ಸಿಗುತ್ತವೆ. "ಸೋಮವಾರ ನನಗೆ ರಿವ್ಯೂ ಇದೆ, ಅಷ್ಟರೊಳಗೆ ಮಗು ಡೇಕೇರ್‌ಗೆ ಹೋಗುವಂತಾಗಬೇಕು." "ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ಅತ್ತೆ ಮಾವ ನನ್ನನ್ನೇ ಅಂತಾರೆ." "ಏಳುನೂರು ಫೀಸು ಕೊಟ್ಟು ಬರೀ ಪ್ಯಾರಾಸಿಟಮಾಲ್ ಬರೆಸಿಕೊಂಡು ಹೋಗೋದಾ?" ಡಾಕ್ಟರ ಕಡೆಯಿಂದ: "ನಾನು ಬರೆಯದಿದ್ದರೆ ಪಕ್ಕದ ಕ್ಲಿನಿಕ್ಕಿಗೆ ಹೋಗ್ತಾರೆ. ನೂರರಲ್ಲಿ ಒಂದು ಮಗುವಿಗೆ ನ್ಯುಮೋನಿಯಾ ಆಗಿಬಿಟ್ಟರೆ ನನ್ನ ಮೇಲೆ ಬರುತ್ತೆ." ಒಂದೊಂದೂ ಮನುಷ್ಯರ ನಿಜವಾದ ಕಷ್ಟವೇ. ಆದರೆ ಒಂದರಲ್ಲೂ ಮಗು ಇಲ್ಲ. ಪಾಲಕರ ಕಷ್ಟಕ್ಕೆ ಮೈನರ್ ಆಸ್ತಿಯನ್ನು ಅಡವಿಡುವುದು ಅಂದರೆ ಇದೇ.

ಇಲ್ಲಿ ಒಂದು ಆಕ್ಷೇಪ ಬರುತ್ತೆ, ಅದು ನ್ಯಾಯವಾದದ್ದು. ಕಾದು ನೋಡುವುದು ಉಳ್ಳವರ ಮಾತು. ಅಪಾರ್ಟ್‌ಮೆಂಟಿನಲ್ಲಿ ಕೂತ ನನಗೆ ರಾತ್ರಿ ಎರಡು ಗಂಟೆಗೆ ಡಾಕ್ಟರಿಗೆ ಮೆಸೇಜ್ ಹಾಕಬಹುದು, ಹತ್ತು ನಿಮಿಷದಲ್ಲಿ ಕ್ಯಾಬ್ ಬರುತ್ತೆ, ಥರ್ಮಾಮೀಟರ್ ಇದೆ. ಅದೇ ಅಪಾರ್ಟ್‌ಮೆಂಟಿಗೆ ಕೆಲಸಕ್ಕೆ ಬರುವ ಹೆಂಗಸಿಗೆ ಎರಡು ದಿನ ಕಾಯುವುದು ಅಂದರೆ ಎರಡು ದಿನದ ಸಂಬಳ ಕಟ್, ಇನ್ನೊಂದು ಸಲ ಡಾಕ್ಟರ ಫೀಸು. ಅವಳು ಮೆಡಿಕಲ್ ಶಾಪಿನವನನ್ನೇ ಕೇಳಿ ಸಿರಪ್ಪು ತಗೊಂಡರೆ ಅದು ಅವಿವೇಕವಲ್ಲ, ಅವಳ ಲೆಕ್ಕದಲ್ಲಿ ಅದೇ ಎಚ್ಚರಿಕೆ. ಸೆಫಿಕ್ಸಿಮ್‌ನಂಥ ಔಷಧಗಳನ್ನು ಚೀಟಿ ಇಲ್ಲದೆ ಕೊಡಬಾರದು, ಮಾರಿದ್ದನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು ಎಂಬ ಶೆಡ್ಯೂಲ್ ಎಚ್1 ನಿಯಮ 2014ರಿಂದ ಜಾರಿಯಲ್ಲಿದೆ. ಪಟ್ಟಿಯ ಮೇಲೆ ಕೆಂಪು ಗೆರೆ ಕಂಡರೆ ಚೀಟಿ ಇಲ್ಲದೆ ತಗೋಬೇಡಿ ಅಂತ ಕೇಂದ್ರ ಸರ್ಕಾರ 2016ರಲ್ಲಿ ಪ್ರಚಾರವನ್ನೂ ಮಾಡಿತು. ಆದರೆ ಕೆಂಪು ಗೆರೆಗೆ ರಜೆ ಕೊಡಲು ಬರಲ್ಲ.

ಹಾಗಾಗಿ ಕಾಯುವ ತಾಳ್ಮೆ ಬರೀ ಅಪ್ಪ ಅಮ್ಮನ ಸದ್ಗುಣ ಅಲ್ಲ, ಸುತ್ತಲಿನವರು ಕೊಡಬೇಕಾದ ಅನುಕೂಲ. ಟೀಮಿನಲ್ಲಿ ಒಬ್ಬರು "ಮಗುಗೆ ಜ್ವರ, ಎರಡು ದಿನ ಮನೆಯಿಂದ ಕೆಲಸ ಮಾಡ್ತೀನಿ" ಅಂದಾಗ ಮ್ಯಾನೇಜರ್ ಆಗಿ ನೀವು ಹುಬ್ಬು ಗಂಟಿಕ್ಕಿದರೆ, ಆ ಮಗುವಿನ ಬಾಯಿಗೆ ಹೋಗುವ ಸಿರಪ್ಪಿನಲ್ಲಿ ನಿಮ್ಮದೂ ಒಂದು ಪಾಲಿದೆ. ಮನೆಕೆಲಸದವಳ ಮಗುವಿಗೆ ಹುಷಾರಿಲ್ಲದ ದಿನ ಸಂಬಳ ಹಿಡಿದರೆ ಅದರಲ್ಲೂ. ಪಾಲಕತ್ವ ಒಂದು ಮನೆಗೆ ಮುಗಿಯುವ ಕೆಲಸ ಅಲ್ಲ.

ಮಗು ಒಂದೇ ಅಲ್ಲ ಅನ್ನೋದೂ ನೆನಪಿರಲಿ. ನಮ್ಮ ಮಗುವಿಗೆ ಬೇಡದೆ ಕೊಟ್ಟ ಔಷಧದಿಂದ ಬದುಕುಳಿದ ಗಟ್ಟಿ ಬ್ಯಾಕ್ಟೀರಿಯಾ ನಮ್ಮ ಮನೆಯಲ್ಲೇ ಕೂರಲ್ಲ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳ ನವಜಾತ ಶಿಶುಗಳನ್ನು ಗಮನಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಕ್ತದ ಸೋಂಕಿಗೆ ಕಾರಣವಾದ ಬ್ಯಾಕ್ಟೀರಿಯಾಗಳಲ್ಲಿ ಬಹಳಷ್ಟು ಒಂದಕ್ಕಿಂತ ಹೆಚ್ಚು ಬಗೆಯ ಔಷಧಗಳಿಗೆ ಬಗ್ಗದೆ ನಿಂತಿದ್ದವು. ನಿಜವಾಗಿ ಅಗತ್ಯ ಇದ್ದ ಮಗುವಿಗೆ ಔಷಧ ನಾಟದೇ ಹೋಗುವ ಸ್ಥಿತಿ. ಸಾಮಾನ್ಯವಾಗಿ ನೀತಿಯ ಪ್ರಶ್ನೆಗಳಲ್ಲಿ ನಮ್ಮ ಮಗುವೋ ಊರ ಮಕ್ಕಳೋ ಎಂಬ ಜಗ್ಗಾಟ ಇರುತ್ತೆ. ನೆಗಡಿಯ ವಿಷಯದಲ್ಲಿ ಆ ಜಗ್ಗಾಟವೇ ಇಲ್ಲ, ಇಬ್ಬರ ಹಿತವೂ ಒಂದೇ ಕಡೆ ಇದೆ. ಇಂಥ ಸುಲಭದ ಪ್ರಶ್ನೆ ಜೀವನದಲ್ಲಿ ಅಪರೂಪಕ್ಕೆ ಸಿಗುತ್ತೆ.

ಇಷ್ಟೆಲ್ಲ ಓದಿದ ಮೇಲೆ ನಮ್ಮಂಥವರ ಕೈ ಮೊಬೈಲಿಗೆ ಹೋಗುತ್ತೆ. ಪ್ರೊಬಯಾಟಿಕ್ ಆರ್ಡರ್ ಮಾಡಿಬಿಟ್ಟರೆ ಆಯ್ತಲ್ಲ? ಕಳೆದದ್ದನ್ನು ಕೊಂಡು ತರಬಹುದು ಎಂಬ ನಂಬಿಕೆ ನಮ್ಮ ತಲೆಮಾರಿನ ಜಾಯಮಾನ. ಇಲ್ಲೂ ಲೆಕ್ಕ ಅಷ್ಟು ಸಲೀಸಲ್ಲ. ಒಡಿಶಾದ ಹಳ್ಳಿಗಳಲ್ಲಿ ಆರೋಗ್ಯವಾಗಿ ಹುಟ್ಟಿದ 4,556 ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗ ನಿಜಕ್ಕೂ ಹೆಮ್ಮೆಪಡುವಂಥದ್ದು. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟರಮ್‌ನ ಒಂದು ನಿರ್ದಿಷ್ಟ ತಳಿಯನ್ನು ಅದಕ್ಕೆ ಬೇಕಾದ ಸಕ್ಕರೆಯ ಜೊತೆ ಹುಟ್ಟಿದ ಮೊದಲ ವಾರದಲ್ಲಿ ಏಳು ದಿನ ಕೊಟ್ಟರು. ಎರಡು ತಿಂಗಳೊಳಗೆ ರಕ್ತದ ಸೋಂಕು ಅಥವಾ ಸಾವಿಗೆ ತುತ್ತಾದವರು 9 ಶೇಕಡಾದಿಂದ 5.4ಕ್ಕೆ ಇಳಿದರು. ಅದು ಸರಿಯಾದ ತಳಿ, ಸರಿಯಾದ ಹದ. ಅಂಗಡಿಯ ಯಾವುದೋ ಸ್ಯಾಶೆಗೆ ಆ ಕೀರ್ತಿ ವರ್ಗಾವಣೆ ಆಗಲ್ಲ. ಇಸ್ರೇಲಿನಲ್ಲಿ ವಯಸ್ಕರ ಮೇಲೆ ನಡೆದ 2018ರ ಪ್ರಯೋಗವೊಂದರಲ್ಲಿ, ಆಂಟಿಬಯಾಟಿಕ್ ನಂತರ ಪ್ರೊಬಯಾಟಿಕ್ ತಗೊಂಡವರ ಕರುಳು ಏನೂ ತಗೊಳ್ಳದವರಿಗಿಂತ ನಿಧಾನವಾಗಿ ಚೇತರಿಸಿಕೊಂಡಿತು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಪ್ರೊಬಯಾಟಿಕ್‌ಗಳಿಂದ ಅಪಾಯವಾಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಎಚ್ಚರಿಸಿದೆ. 'ಯಾವುದಕ್ಕೂ ಇರಲಿ' ಬೇರೆ ವೇಷ ಹಾಕಿಕೊಂಡು ಬಂದರೂ ಪ್ರಶ್ನೆ ಅದೇ ಇರುತ್ತೆ: ಅಗತ್ಯ ಇದೆಯಾ, ಲಾಭ ಯಾರಿಗೆ?

ಹಾಗಂತ ಡಾಕ್ಟರ ಮೇಲೆ ಯುದ್ಧಕ್ಕೆ ಹೋಗಬೇಕಾಗಿಲ್ಲ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ ಬಂದರೆ, ಹಾಲು ಕುಡಿಯದಿದ್ದರೆ, ಎಚ್ಚರಿಸಿದರೂ ಏಳದಿದ್ದರೆ, ಉಸಿರು ತೀರಾ ಜೋರಾಗಿದ್ದರೆ ಕಾಯುವ ಮಾತೇ ಇಲ್ಲ, ಆಸ್ಪತ್ರೆಗೆ ಓಡಬೇಕು. ಜೋರು ಅಂದರೆ ಎಷ್ಟು ಅನ್ನೋದಕ್ಕೂ ಲೆಕ್ಕ ಇದೆ: ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ ನಿಮಿಷಕ್ಕೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರಿಗೆ 40 ಅಥವಾ ಹೆಚ್ಚು. ಡಾಕ್ಟರು ಅಗತ್ಯ ಇದೆ ಅಂತ ಬರೆದ ಕೋರ್ಸನ್ನು ಈ ಲೇಖನ ಓದಿ ಅರ್ಧಕ್ಕೆ ನಿಲ್ಲಿಸಬೇಡಿ. ಕಳೆದ ಸಲ ಮಿಕ್ಕಿದ ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆಯಬೇಡಿ. ಉಳಿದಂತೆ ಮೂರು ಪ್ರಶ್ನೆ ಸಾಕು: ಇದು ಬ್ಯಾಕ್ಟೀರಿಯಾ ಅಂತ ಯಾಕೆ ಅನಿಸ್ತಿದೆ? ಎರಡು ದಿನ ಕಾದರೆ ಏನಾಗಬಹುದು? ಏನು ಕಂಡರೆ ವಾಪಸ್ ಬರಬೇಕು? ಇವನ್ನು ಕೇಳಿದರೆ ಒಳ್ಳೆಯ ಡಾಕ್ಟರಿಗೆ ಸಿಟ್ಟು ಬರಲ್ಲ, ನಿರಾಳ ಆಗುತ್ತೆ. ಬರೆಯದೇ ಕಳಿಸಲು ಅವರಿಗೂ ಒಂದು ನೆಪ ಬೇಕಾಗಿರುತ್ತೆ.

ಮಗು ಈಗ ನಮ್ಮನ್ನು ಏನೂ ಕೇಳಲ್ಲ. ಮುಂದೆಯೂ ಕೇಳದಿರಬಹುದು, ಏನನ್ನು ಕೇಳಬೇಕು ಅಂತಲೇ ಅದಕ್ಕೆ ಗೊತ್ತಿರಲ್ಲ. ಆದರೂ ಪಾಲಕರ ಲೆಕ್ಕದ ಪುಸ್ತಕದಲ್ಲಿ ಪ್ರತಿ ಖರ್ಚಿನ ಮುಂದೆ ಕಾರಣ ಬರೆದಿರಬೇಕು, ಹದಿನೆಂಟು ವರ್ಷದ ಮಗನೋ ಮಗಳೋ ಓದಿದರೆ ಅರ್ಥ ಆಗುವ ಹಾಗೆ. "ನಿನಗೆ ನ್ಯುಮೋನಿಯಾ ಆಗಿತ್ತು ಪುಟ್ಟ, ಉಸಿರಾಡಲು ಕಷ್ಟಪಡ್ತಿದ್ದೆ" ಅನ್ನೋದು ಕಾರಣ. "ನಮಗೆ ತುಂಬಾ ಭಯ ಆಗಿತ್ತು, ಡಾಕ್ಟರೂ ಖಚಿತವಾಗಿ ಹೇಳೋಕಾಗಲ್ಲ ಅಂದರು, ನೀನು ಆಗ ಇಪ್ಪತ್ತು ದಿನದ ಕೂಸು" ಅನ್ನೋದೂ ಕಾರಣವೇ. "ನನಗೆ ಸೋಮವಾರ ರಿವ್ಯೂ ಇತ್ತು" ಅನ್ನೋದನ್ನು ಬರೆಯಲು ಪೆನ್ನು ಸ್ವಲ್ಪ ತಡವರಿಸುತ್ತೆ. ಆ ತಡವರಿಕೆ ಎರಡು ದಿನ ಕಾಯಲು ಸಾಕಾಗಬಹುದು.